ಪ್ರಚಾರದ ತುಳಸಿ ಕೊಂಡ ಮೈಕ್ ಸ್ಟ್ಯಾಂಡು

ಹೊಸಪೇಟೆಯಲ್ಲಿ ತುಳಸಿಯ ಮುಖ ಕಂಡವರು ಕಡಿಮೆ, ದನಿ ಕೇಳದವರು ಇನ್ನೂ ಕಡಿಮೆ. ಸೀರೆಗಳ ರಿಯಾಯಿತಿ ಮಾರಾಟವಿರಲಿ, ಉಚಿತ ಕಣ್ಣಿನ ತಪಾಸಣೆಯಿರಲಿ, ನಾಳೆ ನಳ ಬರುವುದಿಲ್ಲ ಎಂಬ ಪ್ರಕಟಣೆಯಿರಲಿ, ಮನೆ ಬಿಟ್ಟು ಹೋದ ಅಜ್ಜನ ಗುರುತು ಹೇಳುವುದಿರಲಿ, ಊರಿಗೆ ಏನನ್ನಾದರೂ ಸಾರಬೇಕೆಂದರೆ ತಲೆಯ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡ ಆಟೋ ಒಂದು ಓಣಿ ಓಣಿ ಸುತ್ತುತ್ತದೆ. ಅದರೊಳಗಿನ ಪೆನ್‌ಡ್ರೈವಿನಿಂದ ಹೊರಡುವ ದನಿ ಅವಳದು. ತರಕಾರಿ ಕೊಳ್ಳಲು ಹೋದಾಗ ಎಷ್ಟೋ ಸಲ ಅವಳ ದನಿಯೇ ಅವಳ ಪಕ್ಕದಲ್ಲಿ ಹಾದುಹೋಗುತ್ತದೆ. ಬದನೆಕಾಯಿ ಆರಿಸುತ್ತ ನಿಂತ ಹೆಂಗಸು ಇವಳೇ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತುಳಸಿ ಕಂಪ್ಲಿ ತಾಲ್ಲೂಕಿನ ಮೆಟ್ರಿಯವಳು. ಗದ್ದೆ ಕೆಲಸದ ಮನೆತನ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯ ಮುಖ್ಯಾಂಶ ಓದುವ ಕೆಲಸ ಏಳನೇ ಇಯತ್ತೆಯವರೆಗೂ ಅವಳದೇ ಆಗಿತ್ತು. ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದಳು. ಗಂಡ ಮೌನೇಶ್ ದೋಣಿಮಲೈ ಗಣಿಗೆ ಸಿಬ್ಬಂದಿಯನ್ನು ಕರೆದೊಯ್ಯುವ ಗುತ್ತಿಗೆ ಬಸ್ಸಿನ ಡ್ರೈವರ್. ಒಬ್ಬಳೇ ಮಗಳು ಪೂಜಿತಾ ಈಗ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದಾಳೆ. ಮಗಳು ಸಣ್ಣವಳಿದ್ದಾಗ ತುಳಸಿ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಅಂಗಡಿಯ ಪ್ರಚಾರಕ್ಕೆ ಓದಬೇಕಾದ ಮನುಷ್ಯ ಬರಲಿಲ್ಲ. ಪ್ರಚಾರದ ಆಟೋಗಳ ಮಾಲಕ ಹೊನ್ನೂರಪ್ಪ ಬಾಗಿಲಲ್ಲಿ ನಿಂತು ಒದ್ದಾಡುತ್ತಿದ್ದ. ಗಿರಾಕಿಗೆ ಸೆರಗಿನ ಬಣ್ಣ ವಿವರಿಸುತ್ತಿದ್ದ ತುಳಸಿಯ ಮಾತು ಅವನ ಕಿವಿಗೆ ಬಿತ್ತು.

"ಯಮ್ಮಾ, ಸೀರಿ ಮಡಚೋದು ಆಮ್ಯಾಲ ಮಾಡೀಯಂತ. ಈ ನಾಕು ಸಾಲು ಓದು, ಕೇಳ್ತೀನಿ," ಎಂದ.

ಓದಿದಳು. ಸಂಜೆಯೊಳಗೆ ಆ ನಾಲ್ಕು ಸಾಲು ಊರೆಲ್ಲ ಸುತ್ತಿತು. ಮುಂದೆ ಅದೇ ಅವಳ ಕಸುಬಾಯಿತು. ಮಲಗುವ ಕೋಣೆಯ ಮೂಲೆಯಲ್ಲಿ ದನಿ ಮಾರ್ದನಿಸದಂತೆ ಗೋಡೆಗೆ ಎರಡು ದಪ್ಪ ಕೌದಿ ಇಳಿಬಿಟ್ಟು, ಫ್ಯಾನು ಆರಿಸಿ, ಒಲೆಯ ಮೇಲಿನ ಕುಕ್ಕರ್ ಇಳಿಸಿ, ಒಂದು ಕೈಯಲ್ಲಿ ಮೈಕು ಇನ್ನೊಂದರಲ್ಲಿ ಕಾಗದ ಹಿಡಿದು ಓದುತ್ತಾಳೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಹೊನ್ನೂರಪ್ಪನಿಗೆ ಕಳಿಸುತ್ತಾಳೆ. ಜೊತೆಗೆ ಸಣ್ಣಪುಟ್ಟ ಕಾರ್ಯಕ್ರಮಗಳ ನಿರೂಪಣೆಗೂ ಕರೆ ಬರತೊಡಗಿತು. ತೊಟ್ಟಿಲ ಕಾರ್ಯ, ಶಾಲೆಯ ವಾರ್ಷಿಕೋತ್ಸವ, ಸಂಡೂರು ಕಡೆಯ ಸನ್ಮಾನಗಳು, ಮೌನೇಶನ ಪರಿಚಯದಿಂದ ದೋಣಿಮಲೈ ಟೌನ್‌ಶಿಪ್ಪಿನ ಬೀಳ್ಕೊಡುಗೆಗಳು. ಇಂಥದಕ್ಕೆಲ್ಲ ತನ್ನ ಮೈಕನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಹತ್ತು ಜನರಿರಲಿ, ಐನೂರು ಜನರಿರಲಿ, ಹೆದರಿಕೆ ಎಂಬುದು ಅವಳ ಹತ್ತಿರ ಸುಳಿದಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಹೊನ್ನೂರಪ್ಪ ಫೋನು ಮಾಡಿದ.

"ತಂಗೀ, ಮಾತಿನ ಹಿಂದ ಏನೋ ಕರಕರ ಅಂತತಿ. ನಿಮ್ಮ ಕೌದ್ಯಾಗ ಇಲಿ ಹೊಕ್ಕೈತೇನ ನೋಡು."

ತುಳಸಿ ನಕ್ಕು ವೈರು ಬದಲಿಸಿದಳು. ಕರಕರ ಹೋಗಲಿಲ್ಲ. ಇನ್ನೊಂದು ವೈರು ತಂದಳು, ಅದೂ ಅಷ್ಟೆ. ಒಮ್ಮೆ ಓದುತ್ತಿದ್ದಾಗ ಕಾಗದದಿಂದ ಕಣ್ಣೆತ್ತಿ ಎದುರಿನ ಕನ್ನಡಿಯತ್ತ ನೋಡಿದವಳಿಗೆ ಮೈಕು ಹಿಡಿದ ತನ್ನ ಬಲಗೈ ಕಂಡಿತು. ಅದು ಸಣ್ಣಗೆ, ಒಂದೇ ಸಮನೆ ಅಲ್ಲಾಡುತ್ತಿತ್ತು. ಮೈಕಿನ ಬುಡದಲ್ಲಿ ವೈರು ಉಜ್ಜಿ ಸದ್ದು ಬರುತ್ತಿದ್ದದ್ದು ಅದರಿಂದ. ಎಡಗೈಗೆ ಬದಲಿಸಿದಳು. ಅದೂ ಅಲ್ಲಾಡಿತು, ತುಸು ಕಡಿಮೆ.

ನಿದ್ದೆ ಸಾಲದ್ದಕ್ಕೆ ಇರಬೇಕು ಎಂದುಕೊಂಡಳು. ಆದರೆ ಸಂಕ್ರಾಂತಿಯ ಹೊತ್ತಿಗೆ ದೋಣಿಮಲೈಯಲ್ಲಿ ಒಂದು ಬೀಳ್ಕೊಡುಗೆ ನಡೆಯಿತು. ಸಮುದಾಯ ಭವನ ತುಂಬಿತ್ತು. ತುಳಸಿ ಮೈಕು ಬಾಯಿಯ ಹತ್ತಿರ ತಂದು "ಎಲ್ಲರಿಗೂ ಆದರದ ಸ್ವಾಗತ" ಎನ್ನುವುದರೊಳಗೆ ಅವಳ ಕೈಬಳೆಗಳ ಸದ್ದು ಸ್ಪೀಕರಿನಲ್ಲಿ ಗಲಗಲ ಕೇಳಿತು. ಕೈ ಬಿಗಿ ಹಿಡಿದಷ್ಟೂ ನಡುಕ ಹೆಚ್ಚಿತು. ಮೈಕು ಒಮ್ಮೆ ತುಟಿಗೂ ಬಡಿಯಿತು. ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ ಪ್ರೀತಿಯಿಂದಲೇ ಹೇಳಿದರು, "ಹೆದರಬೇಡಿ ಅಮ್ಮಾ, ಇಲ್ಲಿರೋರೆಲ್ಲ ನಮ್ಮವರೇ." ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಧೈರ್ಯ ತುಂಬುವ ನಗೆ. ಅವಳಿಗೆ ಮಾತ್ರ ಮೈಯೆಲ್ಲ ಉರಿದಂತಾಯಿತು. ಹೆದರಿಕೊಂಡಿಲ್ಲ ಎಂದು ಹೇಳಲು ಬರುವಂತಿರಲಿಲ್ಲ. ಹಾಗಾದರೆ ಕೈ ಏಕೆ ನಡುಗುತ್ತಿದೆ ಎಂದು ಯಾರಾದರೂ ಕೇಳಿದರೆ ಅವಳ ಹತ್ತಿರ ಉತ್ತರವಿರಲಿಲ್ಲ.

ಉತ್ತರವನ್ನು ಅವಳು ಮೊಬೈಲಿನಲ್ಲಿ ಹುಡುಕಿದಳು. ಅದು ನೇರವಾಗಿ ದೊಡ್ಡ ಕಾಯಿಲೆಯ ಹೆಸರನ್ನೇ ಮುಂದಿಟ್ಟಿತು. ಆ ಕಾಯಿಲೆಯನ್ನು ಅವಳು ಹತ್ತಿರದಿಂದ ನೋಡಿದ್ದಳು. ಅವರ ಓಣಿಯ ಕೊನೆಯ ಮನೆಯಲ್ಲಿ ನಿವೃತ್ತ ಕಂಪೌಂಡರ್ ಒಬ್ಬರಿದ್ದರು. ಮೊದಲು ಕೈ ನಡುಗಿತು, ಆಮೇಲೆ ಹೆಜ್ಜೆ ತಡವರಿಸಿತು, ಕಡೆಗೆ ದನಿಯೇ ಉಡುಗಿ ಹೋಗಿ, ಅವರು ಏನು ಹೇಳುತ್ತಾರೆಂದು ಕೇಳಲು ಹೆಂಡತಿ ಅವರ ಬಾಯಿಗೆ ಕಿವಿ ಹಚ್ಚಬೇಕಾಗಿತ್ತು. ತುಳಸಿಗೆ ಕೈಯ ಚಿಂತೆಗಿಂತ ಅದರದೇ ಚಿಂತೆ ಹತ್ತಿತು. ದನಿ ಹೋದರೆ ತನ್ನ ಹತ್ತಿರ ಉಳಿಯುವುದೇನು ಎಂದು ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ, ಅದನ್ನೇ ನೆನೆದಳು. ಗಂಡನಿಗೆ ಹೇಳಲಿಲ್ಲ, ಮಗಳಿಗಂತೂ ಹೇಳುವ ಮಾತೇ ಇರಲಿಲ್ಲ.

ಕಾರ್ಯಕ್ರಮಗಳಿಗೆ ಕರೆ ಬಂದರೆ ಗಂಟಲು ಕೆಟ್ಟಿದೆ ಎಂದು ಹೇಳತೊಡಗಿದಳು. ಮೂರು ಕಡೆ ಹೀಗೆ ತಪ್ಪಿಸಿಕೊಂಡಳು. ಮೂರನೆಯವರು ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವವರು, ತಮ್ಮ ಹಿತ್ತಲಲ್ಲಿ ಪ್ರವಾಸಿಗರಿಗಾಗಿ ಸಣ್ಣ ಹಾಡಿನ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವರು ಸುಮ್ಮನೆ ಬಿಡಲಿಲ್ಲ.

"ಗಂಟಲು ಕೆಟ್ಟೈತಿ ಅಂತೀರಿ. ಈಗಷ್ಟ ಬಜಾರದಾಗ ನಿಮ್ಮ ದನಿನ ಹೊಂಟಿತ್ತಲ್ರಿ ಆಟೋದಾಗ."

"ಅದು ಹಿಂದಿನ ವಾರದ್ದು ರೀ," ಎಂದು ತುಳಸಿ ಫೋನಿಟ್ಟಳು. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ, ಬಹಳ ಹೊತ್ತು ಕಹಿಯೆನಿಸಿತು.

ಆಟೋದ ಕೆಲಸವನ್ನಂತೂ ಬಿಡುವಂತಿರಲಿಲ್ಲ. ಮನೆಯೊಳಗೆ ಯಾರೂ ನೋಡುವವರಿಲ್ಲವಾದ್ದರಿಂದ ಮೈಕಿಗೆ ಏನಾದರೂ ಆಸರೆ ಮಾಡಿದರಾಯಿತು ಎಂದುಕೊಂಡಳು. ಮೊದಲು ಸ್ಟೀಲಿನ ಚೊಂಬಿನಲ್ಲಿ ನಿಲ್ಲಿಸಿದಳು. ಬಾವಿಯೊಳಗಿನಿಂದ ಕೂಗಿದಂತೆ ಕೇಳಿತು. ಕುರ್ಚಿಯ ಬೆನ್ನಿಗೆ ದುಪಟ್ಟಾದಿಂದ ಕಟ್ಟಿದಳು. ಬಗ್ಗಿ ಬಗ್ಗಿ ಓದಿ ಕುತ್ತಿಗೆ ಹಿಡಿಯಿತು. ಕೊನೆಗೆ ಕೆಟ್ಟು ಮೂಲೆ ಸೇರಿದ್ದ ನಿಲ್ಲಿಸುವ ಫ್ಯಾನಿನ ತಲೆ ಕಳಚಿ, ಅದರ ಕಂಬಕ್ಕೆ ಮೈಕು ಬಿಗಿದಳು. ಅದು ಚೆನ್ನಾಗಿಯೇ ನಿಂತಿತು, ಕರಕರವೂ ಹೋಯಿತು. ಹೊನ್ನೂರಪ್ಪ, "ಇಲಿ ಓಡಿಹೋತು ನೋಡು," ಎಂದ.

ಆದರೆ ಕಂಪ್ಲಿಯದೊಂದು ಕಾರ್ಯಕ್ರಮ ಉಳಿದಿತ್ತು. ಅಲ್ಲಿನ ಮಹಿಳಾ ಉಳಿತಾಯ ಸಂಘದ ವಾರ್ಷಿಕ ಸಭೆ. ಸಂಘದ ಅಧ್ಯಕ್ಷೆ ವಿರುಪಮ್ಮನಿಗೆ ತುಳಸಿ ಕೈ ನಡುಗುವ ಮೊದಲೇ ಬರುತ್ತೇನೆಂದು ಮಾತು ಕೊಟ್ಟಿದ್ದಳು. ವಿರುಪಮ್ಮ ತವರಿನ ಕಡೆಯ ಪರಿಚಯ, ಗಂಟಲಿನ ನೆಪ ಅಲ್ಲಿ ನಡೆಯುವಂತಿರಲಿಲ್ಲ. ಫ್ಯಾನಿನ ಕಂಬ ಹೊತ್ತುಕೊಂಡು ಬಸ್ಸು ಹತ್ತುವುದಂತೂ ಸಾಧ್ಯವಿಲ್ಲ. ನಿಜವಾದ ಮೈಕ್ ಸ್ಟ್ಯಾಂಡು ಬೇಕಾಯಿತು, ಮನೆಗೂ ಆಗಬೇಕು, ಊರೂರಿಗೆ ಒಯ್ಯಲೂ ಬರಬೇಕು.

ಮೊಬೈಲಿನಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ನೋಡಿ ತರಿಸಿದಳು. ಚಿತ್ರದಲ್ಲಿ ಗಂಭೀರವಾಗಿ ಕಾಣುತ್ತಿದ್ದ ಅದು ಬಂದಾಗ ಕೊಡೆಯಷ್ಟೇ ಹಗುರವಿತ್ತು. ಮೂರು ಸಣ್ಣ ಕಾಲು, ಒಂದು ಕಂಬ, ಅದರ ಮೇಲೊಂದು ಅಡ್ಡತೋಳು, ಜೋಡಿಸುವಲ್ಲೆಲ್ಲ ಪ್ಲಾಸ್ಟಿಕ್ ತಿರುಪು. ಮೈಕು ಸಿಕ್ಕಿಸಿ ಓದಲು ಶುರು ಮಾಡಿದಳು. "ಹೊಸಪೇಟೆಯ ಸಮಸ್ತ ನಾಗರಿಕ ಬಂಧುಗಳೇ" ಎನ್ನುವಾಗ ಬಾಯಿಯ ಮುಂದಿದ್ದ ಮೈಕು, ವಿಳಾಸಕ್ಕೆ ಬರುವಷ್ಟರಲ್ಲಿ ಗದ್ದಕ್ಕಿಳಿದಿತ್ತು, ಫೋನ್ ನಂಬರು ಹೇಳುವಾಗ ಎದೆಗೆ. ತಿರುಪು ಇನ್ನಷ್ಟು ಬಿಗಿದಳು. ಅದು ಟಕ್ಕೆಂದು ಸೀಳಿತು. ತೋಳು ಪಕ್ಕಕ್ಕೆ ವಾಲಿ ಇಡೀ ಸ್ಟ್ಯಾಂಡು ಅವಳ ಪಾದದ ಮೇಲೆ ಮಗುಚಿತು. ಅಷ್ಟು ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಮೌನೇಶ್ ಬಾಗಿಲಲ್ಲಿ ನಿಂತಿದ್ದ. ಅವಳು ಕಾಲು ಹಿಡಿದು ಕೂತಿದ್ದಳು.

"ಇದೇನ ಇದು?"

"ಸ್ಟ್ಯಾಂಡು. ಕಂಪ್ಲಿಗೆ ಬೇಕಾಗಿತ್ತು."

ಮೌನೇಶ್ ಅದನ್ನು ಎತ್ತಿ, ಸೀಳಿದ ತಿರುಪನ್ನು ತಿರುಗಿಸಿ ನೋಡಿದ. "ಇದು ನಿಲ್ಲೋ ಪೈಕಿ ಅಲ್ಲ. ನಡಿ, ವೀರೇಶನ ಅಂಗಡಿಗೆ ಹೋಗೋಣು," ಎಂದ. ಇಷ್ಟು ವರ್ಷ ಇಲ್ಲದ ಸ್ಟ್ಯಾಂಡು ಈಗೇಕೆ ಎಂದು ಅವನು ಕೇಳದಿದ್ದದ್ದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಪ್ರಶ್ನೆ ತಪ್ಪಿತಲ್ಲ ಎಂದಷ್ಟೇ ಅನಿಸಿತು.

ವೀರೇಶನದು ಸ್ಟೇಷನ್ ರಸ್ತೆಯ ಒಳಗಿನ ಸಣ್ಣ ಅಂಗಡಿ. ಮದುವೆಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುತ್ತಾನೆ, ಸಾಮಾನು ಮಾರುತ್ತಾನೆ, ರಿಪೇರಿಯನ್ನೂ ಮಾಡುತ್ತಾನೆ. ಅವನು ಮಾರಾಟದ ಮಾತು ಶುರು ಮಾಡುವ ಮೊದಲು ಎರಡು ಪ್ರಶ್ನೆ ಕೇಳಿದ.

"ಕುಂತು ಮಾತಾಡ್ತೀರೋ, ನಿಂತೋ? ಒಂದ ಕಡೆ ಇಡಾಕೋ, ಹೊತ್ಕೊಂಡು ತಿರುಗಾಕೋ?"

"ಮನ್ಯಾಗ ಕುಂತು, ಹೊರಗ ನಿಂತು," ಎಂದಳು ತುಳಸಿ. "ಬಸ್ಸಿನ್ಯಾಗ ಒಯ್ಯಬೇಕು."

ವೀರೇಶ್ ಒಂದೊಂದನ್ನೇ ಮುಂದಿಟ್ಟ. ಮೊದಲನೆಯದು ದುಂಡನೆಯ ಕಬ್ಬಿಣದ ತಳದ ನೆಟ್ಟಗಿನ ಸ್ಟ್ಯಾಂಡು. ಬೀಳುವುದೇ ಇಲ್ಲ, ಆದರೆ ಹೊತ್ತು ತಿರುಗಿದರೆ ಹೆಗಲು ಕೀಳುತ್ತದೆ. ಮೇಜಿನ ಮೇಲಿಡುವ ಗಿಡ್ಡ ಸ್ಟ್ಯಾಂಡು ಮನೆಗೆ ಸಾಕು, ಸಭೆಗೆ ಸಾಲದು. ಇನ್ನೊಂದು ಮೂರು ಕಾಲಿನದು, ಮೇಲೆ ಉದ್ದನೆಯ ಅಡ್ಡತೋಳು. "ನಿಮಗ ಇದ ಸರಿ ಅಕ್ಕಾರ. ತೋಳು ಇತ್ತಂದ್ರ ಮುಂದ ಕಾಗದ ಇಟ್ಕೊಂಡ್ರೂ ಮೈಕು ಅದರ ಮ್ಯಾಲಿಂದ ಬಾಯಿ ಮಟ ಬರತತಿ. ಒಂದ ನೆನಪಿಡ್ರಿ, ತೋಳು ಯಾವಾಗ್ಲೂ ಮೂರರಾಗ ಒಂದು ಕಾಲಿನ ಮ್ಯಾಲ ಬರಬೇಕು. ಎರಡು ಕಾಲಿನ ನಡುವ ಬಂತಂದ್ರ ವಾಲತತಿ."

ತುಳಸಿಗೆ ಪಾದದ ನೋವು ಯಾಕೆ ಬಂತೆಂದು ಈಗ ಗೊತ್ತಾಯಿತು. ವೀರೇಶ್ ತಿರುಪನ್ನು ತೋರಿಸಿ, "ನೀವ ಬಿಗಿದು ನೋಡ್ರಿ," ಎಂದ. ಲೋಹದ ಸಣ್ಣ ತಿರುಪು. ಅವಳು ಕೈ ಚಾಚಿದಳು. ಬೆರಳುಗಳು ಅದನ್ನು ಹಿಡಿಯುವ ಮೊದಲೇ ನಡುಗಿ ಒಮ್ಮೆ ಜಾರಿದವು, ಇನ್ನೊಮ್ಮೆ ಜಾರಿದವು. ಅವಳು ಕೈ ಹಿಂದೆಳೆದುಕೊಂಡು ಸೆರಗಿನೊಳಗೆ ಸೇರಿಸಿದಳು.

ವೀರೇಶ್ ನೋಡಿದ್ದ. ಮೌನೇಶನ ಕಡೆ ತಿರುಗಿದ. ಮೌನೇಶ್ ಹವಾಮಾನದ ಮಾತಾಡುವವನಂತೆ ಹೇಳಿದ:

"ಆಕಿ ಕೈ ನಡಗ್ತತಿ. ಅದಕ್ಕ ಸ್ಟ್ಯಾಂಡ್ ಬೇಕಾಗೇತಿ."

ತುಳಸಿ ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ, ಸ್ಟ್ಯಾಂಡಿನ ಕಾಲುಗಳನ್ನು ಅಗಲಿಸಿ ಮುಚ್ಚಿ ಪರೀಕ್ಷೆ ಮಾಡುತ್ತಿದ್ದ.

"ಹಂಗಂದ್ರ ಮೊದಲ ಹೇಳಬಾರದೇನ್ರಿ," ಎಂದ ವೀರೇಶ್. ಅವನ ದನಿಯಲ್ಲಿ ಕನಿಕರವಿರಲಿಲ್ಲ, ಕೆಲಸವಿತ್ತು. "ಹಂಗಾದ್ರ ಈ ಸಣ್ಣ ತಿರುಪಿಂದು ಬ್ಯಾಡ." ಒಳಗೆ ಹೋಗಿ ಧೂಳು ಹಿಡಿದ ಇನ್ನೊಂದನ್ನು ತಂದು ಒರೆಸಿದ. ಅದರ ತಿರುಪಿಗೆ ಬೆರಳಿನಷ್ಟು ಉದ್ದದ ಹಿಡಿಕೆಯಿತ್ತು. ಕಂಬ ಏರಿಸಿ ಇಳಿಸಲು ತಿರುಪೇ ಇಲ್ಲ, ಒಂದು ಹಿಡಿಯನ್ನು ಅಂಗೈಯಲ್ಲಿ ಒತ್ತಿದರಾಯಿತು. ತುಳಸಿ ಒತ್ತಿದಳು. ಕಂಬ ಸರ್ರನೆ ಮೇಲೆ ಹೋಯಿತು, ಬಿಟ್ಟಳು, ನಿಂತಿತು. ಹಿಡಿಕೆಯನ್ನು ಅಂಗೈಯಿಂದಲೇ ನೂಕಿದಳು, ತೋಳು ಬಿಗಿಯಿತು. ವೀರೇಶ್ ತೋಳಿನ ತುದಿಗೆ ಅವಳ ಮೈಕು ಸಿಕ್ಕಿಸಿ, ಮೇಲೆ ತನ್ನದೊಂದು ಭಾರದ ಮೈಕನ್ನೂ ನೇತುಹಾಕಿ ಬೇರೆ ಗಿರಾಕಿಯ ಜೊತೆ ಮಾತಾಡಲು ಹೋದ. ಅವನು ಮರಳಿ ಬರುವವರೆಗೂ ಅದು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಬೆಲೆ ಆನ್‌ಲೈನಿನದಕ್ಕಿಂತ ಹೆಚ್ಚಿತ್ತು, ಆದರೆ ಒಂದು ಕಾರ್ಯಕ್ರಮದ ಸಂಭಾವನೆಯಲ್ಲಿ ಮುಗಿಯುವಂಥದೇ.

"ಮನ್ಯಾಗ ಕಾಲಿನ ಕೆಳಗ ಒಂದು ದಪ್ಪ ಪಟ್ಟಿ ಹಾಸ್ರಿ, ನೆಲದ ಸದ್ದು ಏರಂಗಿಲ್ಲ," ಎಂದು ವೀರೇಶ್ ಸ್ಟ್ಯಾಂಡನ್ನು ಮಡಚಿ ಚೀಲಕ್ಕೆ ಹಾಕಿದ.

ಬೈಕಿನಲ್ಲಿ ಇಬ್ಬರ ನಡುವೆ ಸ್ಟ್ಯಾಂಡು ಅಡ್ಡವಾಗಿ ಕೂತಿತ್ತು. ಕಾಲುವೆಯ ಏರಿಯ ಮೇಲೆ ಬಂದಾಗ ತುಳಸಿ ಗಂಡನ ಭುಜ ತಟ್ಟಿದಳು. ಅವನು ಬೈಕು ನಿಲ್ಲಿಸಿದ.

"ನಿಮಗ ಯಾವಾಗಿಂದ ಗೊತ್ತು?"

"ದೀಪಾವಳಿಯಿಂದ. ಪಣತಿಗೆ ಎಣ್ಣಿ ಹಾಕುವಾಗ ನೋಡಿದೆ."

"ಮತ್ತ ಯಾಕ ಕೇಳಲಿಲ್ಲ?"

ಮೌನೇಶ್ ಕಾಲುವೆಯ ನೀರಿನ ಕಡೆ ಮುಖ ಮಾಡಿದ. "ಬಾಯಿ ಬಿಟ್ಟು ಕೇಳಿದ್ರ ಅದು ಖರೇ ಆಗ್ತದೇನೋ ಅಂತ ಅನಿಸ್ತು. ನೀನೂ ಹೇಳಲಿಲ್ಲ. ನನ್ನ ಬಸ್ಸಿನ್ಯಾಗ ಕಂಪನಿ ಆಸ್ಪತ್ರಿ ನರ್ಸಮ್ಮ ಒಬ್ರು ಬರ್ತಾರ, ಅವರನ್ನ ಕೇಳಿದೆ. ಎಲ್ಲಾ ನಡುಕ ಆ ದೊಡ್ಡ ರೋಗನ ಆಗಿರಂಗಿಲ್ಲ, ಮೊದಲು ತೋರಿಸ್ರಿ ಅಂದ್ರು. ಬಳ್ಳಾರಿಯಿಂದ ನರದ ಡಾಕ್ಟರಮ್ಮ ವಾರಕ್ಕೊಮ್ಮೆ ಇಲ್ಲಿಗೆ ಬರ್ತಾರಂತ. ಅದನ್ನ ನಿನಗ ಹೆಂಗ ಹೇಳೋದು ಅಂತ ಎರಡು ವಾರದಿಂದ ಒದ್ದಾಡಾಕತ್ತೀನಿ."

"ನಂಗ ದನಿ ಹೋಗ್ತತಿ ಅಂತ ಭಯ ಆಗೇತಿ," ಎಂದಳು ತುಳಸಿ. ಅಷ್ಟು ತಿಂಗಳು ಒಳಗೇ ಸುತ್ತುತ್ತಿದ್ದ ಮಾತು ಹೊರಗೆ ಬಂದಾಗ ಎಷ್ಟು ಚಿಕ್ಕದಾಗಿತ್ತು ಎಂದು ಅವಳಿಗೇ ಅಚ್ಚರಿಯಾಯಿತು. ಅತ್ತಳು. ಮೌನೇಶ್ ಒಂದು ಕೈಯಲ್ಲಿ ಬೈಕು ಹಿಡಿದು, ಇನ್ನೊಂದರಿಂದ ಅವಳ ಮಣಿಕಟ್ಟು ಹಿಡಿದುಕೊಂಡು ನಿಂತ.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಕೈಗಳನ್ನು ತೊಡೆಯ ಮೇಲೆ ಸಡಿಲಾಗಿ ಇಟ್ಟುಕೊಳ್ಳಲು ಹೇಳಿ ಸುಮ್ಮನೆ ನೋಡಿದರು. ಕೈಗಳು ಅಲುಗಲಿಲ್ಲ. ಮುಂದೆ ಚಾಚಲು ಹೇಳಿದರು, ನಡುಗಿದವು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಹಾಕಿಸಿದರು, ಮೇಜೆಲ್ಲ ಒದ್ದೆಯಾಯಿತು. ಹಾಳೆಯ ಮೇಲೆ ಚಕ್ಕುಲಿಯಂತೆ ಸುರುಳಿ ಬರೆಸಿದರು, ಗೆರೆ ಅಲೆಅಲೆಯಾಗಿ ಬಂತು. ಬಾಗಿಲವರೆಗೆ ನಡೆಸಿ ವಾಪಸು ಕರೆದರು. ಮೊಣಕೈ, ಮಣಿಕಟ್ಟು ಹಿಡಿದು ಆಡಿಸಿ ನೋಡಿದರು. ದನಿ ಕೇಳಲು ಏನಾದರೂ ಮಾತಾಡಿ ಎಂದಾಗ ತುಳಸಿ ಬಾಯಿಪಾಠವಾಗಿದ್ದ ಸೀರೆಯ ಪ್ರಚಾರವನ್ನೇ ಹೇಳಿದಳು. ಡಾಕ್ಟರು ತಲೆಯೆತ್ತಿದರು.

"ಅದು ನೀವೇನಾ? ಈ ದನಿ ನಾನು ಇಲ್ಲಿಗೆ ಬಂದಾಗಲೆಲ್ಲ ಕೇಳ್ತೀನಿ."

ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದರು, "ನೀವು ಹೆದರಿರೋ ಕಾಯಿಲೆ ಇದಲ್ಲ. ಅದರಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ನಡುಗುತ್ತೆ. ನಿಮ್ಮದು ಎತ್ತಿ ಹಿಡಿದಾಗ, ಕೆಲಸ ಮಾಡುವಾಗ ನಡುಗುತ್ತೆ. ನಡಿಗೆ ಸರಿ ಇದೆ, ಬಿಗಿತ ಇಲ್ಲ. ಥೈರಾಯ್ಡ್ ಒಂದು ನೋಡೋಣ. ಈ ಥರದ ನಡುಕ ತುಂಬಾ ಜನಕ್ಕಿರುತ್ತೆ, ಎಷ್ಟೋ ಸಲ ಮನೆತನದಲ್ಲೇ ಬಂದಿರುತ್ತೆ. ನಿಮ್ಮನೇಲಿ ಯಾರಿಗಾದರೂ ಇತ್ತಾ?"

"ಇಲ್ರಿ, ಯಾರಿಗೂ ಇಲ್ಲ."

"ಹಿರಿಯರನ್ನ ಕೇಳಿ ನೋಡಿ."

"ದನಿಗೆ ಏನಾದ್ರೂ..." ತುಳಸಿಗೆ ಪೂರ್ತಿ ಕೇಳಲು ಧೈರ್ಯ ಸಾಲಲಿಲ್ಲ.

"ಈಗ ಏನೂ ಇಲ್ಲ. ಕೆಲವರಿಗೆ ಎಷ್ಟೋ ವರ್ಷದ ಮೇಲೆ ದನಿಯಲ್ಲೂ ಸ್ವಲ್ಪ ನಡುಕ ಬರೋದುಂಟು, ಎಲ್ಲರಿಗೂ ಅಲ್ಲ. ಬಂದರೆ ಆಗ ನೋಡೋಣ. ತೊಂದರೆ ಜಾಸ್ತಿ ಅನಿಸಿದರೆ ಮಾತ್ರೆ ಇದೆ. ಸದ್ಯಕ್ಕೆ ನಿದ್ದೆ ಸರಿಯಾಗಿ ಮಾಡಿ, ಚಾ ಕಡಿಮೆ ಮಾಡಿ."

"ಸ್ಟ್ಯಾಂಡ್ ತಗೊಂಡೀವ್ರಿ," ಎಂದ ಮೌನೇಶ್, ಅದೂ ಚಿಕಿತ್ಸೆಯ ಒಂದು ಭಾಗವೆಂಬಂತೆ.

"ಅದೇ ಒಳ್ಳೇದು," ಎಂದು ಡಾಕ್ಟರು ನಕ್ಕರು.

ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ಮೌನೇಶ್ ಎದ್ದು ಹೋಗಿ ಎರಡು ಎಳನೀರು ತಂದ. ತುಳಸಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಜನ ನೋಡುತ್ತಾರೋ ಇಲ್ಲವೋ ಎಂದು ನೋಡದೆ ಕುಡಿದಳು. ನಾಲ್ಕು ದಿನದ ಮೇಲೆ ಥೈರಾಯ್ಡ್ ಪರೀಕ್ಷೆಯೂ ಸರಿಯೆಂದು ಬಂತು. ಅವಳು ಹಂಪಿಯವರಿಗೆ ತಾನೇ ಫೋನು ಮಾಡಿ, "ಗಂಟಲು ಚಲೋನ ಇತ್ರಿ. ನನ್ನ ಕೈ ನಡಗ್ತತಿ, ಅದಕ್ಕ ಬರಲಿಲ್ಲ. ಮುಂದಿನ ಸಲ ಕರೀರಿ, ಬರ್ತೀನಿ," ಎಂದಳು. ಆ ಕಡೆಯವರು, "ಅಷ್ಟಕ್ಕ ಇಷ್ಟು ಮಾಡಿದ್ರೇನು," ಎಂದು ಬೈದು, ಮುಂದಿನ ಹುಣ್ಣಿಮೆಗೆ ಬರಲು ಹೇಳಿದರು.

ಕಂಪ್ಲಿಯ ಸಭೆ ಬೆಳಿಗ್ಗೆ ಹತ್ತೂವರೆಗೆ. ಒಂದು ಅಕ್ಕಿ ಗಿರಣಿಯ ಪಕ್ಕದ ಶೆಡ್ಡಿನಲ್ಲಿ ಶಾಮಿಯಾನ ಕಟ್ಟಿ ಕುರ್ಚಿ ಹಾಕಿದ್ದರು. ಅವತ್ತು ಮೌನೇಶನಿಗೂ ರಜೆ, ಸ್ಟ್ಯಾಂಡಿನ ಚೀಲ ಹೊತ್ತು ಅವನೂ ಬಂದಿದ್ದ. ತುಳಸಿ ಕಾಲುಗಳನ್ನು ಅಗಲಿಸಿ ನಿಲ್ಲಿಸುತ್ತಿದ್ದಾಗ ವಿರುಪಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದ್ಯಾಕವ್ವ, ಯಾವಾಗ್ಲೂ ಕೈಯಾಗ ಹಿಡ್ಕಂಡು ಮಾತಾಡ್ತಿದ್ದೆಲ್ಲ?"

"ಕೈ ನಡಗ್ತತಿ ಅಕ್ಕಾ."

"ಹಂಗಾ," ಎಂದಳು ವಿರುಪಮ್ಮ. "ನಮ್ಮ ಖಜಾಂಚಿದು ಮೊಣಕಾಲು ಬ್ಯಾನಿ, ಆಕಿಗೆ ಗಾದಿ ಕುರ್ಚಿ ಹಾಕ್ಸೀನಿ. ಇದನ್ನ ಎಲ್ಲಿಡಬೇಕು ಹೇಳು, ಜಾಗ ಮಾಡಿಸ್ತೀನಿ."

ಅಷ್ಟೇ. ಆ ಒಂದು ಪ್ರಶ್ನೆಗೆ ಹೆದರಿ ತುಳಸಿ ಚಳಿಗಾಲವನ್ನೆಲ್ಲ ಕಳೆದಿದ್ದಳು.

ಮಾತು ಶುರು ಮಾಡಿದಾಗ ಬರಿಗೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದರೆ ಶಾಲೆಯ ಹುಡುಗಿಯಂತಾಯಿತು. ಕೊನೆಗೆ ಎಡಗೈಯಿಂದ ಬಲಗೈಯನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡಳು. ಸ್ವಾಗತ ಮುಗಿಯುವ ಹೊತ್ತಿಗೆ ಕೈಗಳ ನೆನಪೇ ಹೋಯಿತು. ದನಿ ಗಿರಣಿಯ ಗೋಡೆಗೆ ತಾಗಿ ತುಂಬಿಕೊಂಡು ಮರಳಿ ಬರುತ್ತಿತ್ತು.

ಸದಸ್ಯರ ಅನುಭವ ಹೇಳುವ ಭಾಗದಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಪ್ರತಿ ವರ್ಷ ಮೈಕು ಕೈಗೆ ಕೊಟ್ಟರೆ ಹೆಂಗಸರು ಹಾವು ಕೊಟ್ಟಂತೆ ಹಿಂದೆ ಸರಿಯುತ್ತಿದ್ದರಂತೆ. ಈ ಸಲ ಹಿಡಿಯುವುದೇನೂ ಇರಲಿಲ್ಲ, ಹೋಗಿ ನಿಲ್ಲುವುದಷ್ಟೆ. ಹೊಳೆಮ್ಮ ಎಂಬ ಗಿಡ್ಡನೆಯ ಹೆಂಗಸು ಮಗುವನ್ನು ಕಂಕುಳಲ್ಲಿ ಹೊತ್ತೇ ಬಂದಳು. ತುಳಸಿ ಹಿಡಿಯನ್ನೊತ್ತಿ ಕಂಬವನ್ನು ಅವಳ ಮುಖದ ಮಟ್ಟಕ್ಕಿಳಿಸಿದಳು. ಹೊಳೆಮ್ಮ ತಾನು ಮೊದಲ ಎಮ್ಮೆ ಕೊಂಡ ಕತೆ ಹೇಳುತ್ತ ಹೇಳುತ್ತ ರಂಗೇರಿ, ಖಾಲಿ ಕೈಯನ್ನು ಬೀಸಿ, ಎಮ್ಮೆ ಒದ್ದ ರೀತಿಯನ್ನೂ ಮಾಡಿ ತೋರಿಸಿದಳು. ಅವಳ ನಂತರ ಒಬ್ಬರ ಹಿಂದೆ ಒಬ್ಬರು ಎದ್ದರು. ಕಂಬ ಏರಿತು, ಇಳಿಯಿತು. ಊಟ ಒಂದು ತಾಸು ತಡವಾಯಿತು. ಬಡಿಸುವವರು ಗೊಣಗಿದರು, ಉಳಿದವರು ಗೊಣಗಲಿಲ್ಲ.

ಕಂಪ್ಲಿಯಿಂದ ಮೆಟ್ರಿ ದೂರವಲ್ಲ. ಅಲ್ಲಿ ತುಳಸಿಯ ಅವ್ವ ಸುಂಕಮ್ಮ ಮಗ ಸೊಸೆಯರ ಜೊತೆ ಇದ್ದಾಳೆ. ಇಷ್ಟು ಹತ್ತಿರ ಬಂದು ಹೋಗದಿದ್ದರೆ ಆದೀತೇ ಎಂದು ಇಬ್ಬರೂ ಅಲ್ಲಿಗೆ ಹೋದರು. ಅಣ್ಣ ಅತ್ತಿಗೆ ಗದ್ದೆಗೆ ಹೋಗಿದ್ದರು. ಸುಂಕಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ತುಳಸಿ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಮುದುಕಿ ಕೈ ನಿಲ್ಲಿಸದೆ ಕೇಳಿದಳು.

"ನಮ್ಮನ್ಯಾಗ ಯಾರಿಗಾದ್ರೂ ಇತ್ತೇನು ಅಂತ ಡಾಕ್ಟರು ಕೇಳಿದ್ರವ್ವಾ. ಇಲ್ಲ ಅಂದೆ."

"ಯಾಕ ಇಲ್ಲ ಅಂದಿ? ನಿಮ್ಮಪ್ಪಂಗಿತ್ತಲ್ಲ."

ತುಳಸಿಗೆ ನಂಬಿಕೆ ಬರಲಿಲ್ಲ. ಅಪ್ಪ ಜಂಬಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ಅವಳ ಕಣ್ಣಿಗೆ ಅವನು ಸದಾ ಕೆಸರಿನಲ್ಲಿ ನಿಂತು ದೊಡ್ಡ ದನಿಯಲ್ಲಿ ಎತ್ತುಗಳನ್ನು ಬೈಯುವ ಗಟ್ಟಿ ಮನುಷ್ಯ.

"ನಾ ಯಾವತ್ತೂ ನೋಡೇ ಇಲ್ಲ."

"ನೋಡಾಕ ಎಲ್ಲಿ ಬಿಟ್ರು ಅವ್ರು," ಎಂದಳು ಸುಂಕಮ್ಮ. "ಬ್ಯಾರೇರ ಮನ್ಯಾಗ ಲೋಟ ಮುಟ್ಟತಿದ್ದಿಲ್ಲ. ಈಗಷ್ಟ ಕುಡಿದು ಬಂದೆ ಅಂತಿದ್ರು. ಸೊಸೈಟ್ಯಾಗ ಸಹಿ ಮಾಡಬೇಕಂದ್ರ ಕನ್ನಡಕ ಮರೆತು ಬಂದೀನಿ ಅಂತ ಹೆಬ್ಬೆಟ್ಟು ಒತ್ತತಿದ್ರು, ಅವ್ರಿಗೆ ಕನ್ನಡಕನ ಇದ್ದಿಲ್ಲ. ನೀ ಹುಟ್ಟೋಕಿಂತ ಮೊದಲಿಂದ ಹಂಗ. ಆದ್ರ ನಾಟಿಗೆ ಇಳಿದ್ರ ಅವ್ರ ಸಾಲಿಗೆ ಯಾರ ಸಾಲೂ ಸಮ ಇಲ್ಲ. ಎಪ್ಪತ್ತೈದರ ಮಟ ಕೆಲಸ ಮಾಡಿದ್ರು, ದನಿಯಂತೂ ಆ ಕಡೀ ಓಣಿಗೂ ಕೇಳತಿತ್ತು. ಕೈ ನಡುಗಿ ಸತ್ತವ್ರಲ್ಲ ಅವ್ರು, ಎದಿ ನೋವಿಗೆ ಹೋದ್ರು."

ತುಳಸಿಗೆ ಕೋಪ ಬರಬೇಕಿತ್ತೇನೋ, ಇದನ್ನು ಮೊದಲೇ ಹೇಳಿದ್ದರೆ ಇಷ್ಟೆಲ್ಲ ಒದ್ದಾಟವಿರುತ್ತಿರಲಿಲ್ಲ ಎಂದು. ಬರಲಿಲ್ಲ. ಊರ ಚಾವಡಿಯಲ್ಲಿ ಎಲ್ಲರೂ ಚಾ ಕುಡಿಯುವಾಗ ಅಪ್ಪ ಒಬ್ಬನೇ ಕೈಕಟ್ಟಿ ಕೂತಿರುತ್ತಿದ್ದ ಚಿತ್ರ ಕಣ್ಣ ಮುಂದೆ ಬಂತು. ಅದನ್ನು ಬಿಗುಮಾನವೆಂದು ಊರು ಅಂದುಕೊಂಡಿತ್ತು, ಅವಳೂ ಅಂದುಕೊಂಡಿದ್ದಳು. ಪಾಪ ಅನ್ನಿಸಿತು. ಅದರ ಬೆನ್ನಿಗೇ ಮೈಯೊಳಗಿದ್ದ ಏನೋ ಬಿಗಿ ಸಡಿಲವಾದಂತೆ, ಅಲ್ಲೇ ಎಲ್ಲಾದರೂ ಒರಗಬೇಕೆನಿಸಿತು.

"ಊಟ ಆಗೇತೇನು?" ಎಂದು ಸುಂಕಮ್ಮ ಕೇಳಿದಳು.

"ಆಗೇತವ್ವಾ. ಸ್ವಲ್ಪ ಅಡ್ಡಾಗ್ತೀನಿ."

ಪಡಸಾಲೆಯ ಚಾಪೆಯ ಮೇಲೆ ತೋಳನ್ನೇ ದಿಂಬು ಮಾಡಿಕೊಂಡು ಮಲಗಿದಳು. ಎಷ್ಟೋ ತಿಂಗಳಿಂದ ಬಾರದ ಮಧ್ಯಾಹ್ನದ ನಿದ್ದೆ ಕರೆದಂತೆ ಬಂತು. ಐದು ಗಂಟೆಯ ಬಸ್ಸಿಗೆ ಎಬ್ಬಿಸಲೇನು ಎಂದು ಸುಂಕಮ್ಮ ಅಳಿಯನನ್ನು ಕೇಳಿದಳು. ಮೌನೇಶ್ ಹೆಂಡತಿಯ ಕಡೆ ನೋಡಿ, "ಇರ್ಲಿ ಬಿಡ್ರಿ ಅತ್ತಿ, ಅದರ ಹಿಂದ ಇನ್ನೊಂದು ಐತಿ," ಎಂದು ಹುಣಸೆಹಣ್ಣಿನ ಮೊರವನ್ನು ತನ್ನ ಮುಂದಕ್ಕೆ ಎಳೆದುಕೊಂಡ.